ಬಾಡಿಗೆ ಮನೆ ಮತ್ತು ಗಾಲಿಕುರ್ಚಿ: ಯಾವುದನ್ನು ನೋಡಿ ಆರಿಸಬೇಕು, ಯಾವುದನ್ನು ಬದಲಿಸಿಕೊಳ್ಳಬಹುದು

ಬೆನ್ನುಹುರಿಗೆ ಪೆಟ್ಟಾಗಿ ನಮ್ಮ ತಾಯಿಯವರು ಗಾಲಿಕುರ್ಚಿ ಹಿಡಿದ ಮೇಲೆ ಮೈಸೂರಿನಲ್ಲಿ ನಾವು ಎರಡು ಸಲ ಬಾಡಿಗೆ ಮನೆ ಬದಲಿಸಿದೆವು. ಮೊದಲನೆಯ ಮನೆಯನ್ನು ಒಪ್ಪಿಕೊಂಡದ್ದು ಅದು ನೆಲಮಹಡಿಯಲ್ಲಿದೆ ಎಂಬ ಒಂದೇ ಕಾರಣಕ್ಕೆ. ಸಾಮಾನು ಇಳಿಸಿದ ಸಂಜೆ ಬಚ್ಚಲುಮನೆಯ ಬಾಗಿಲಿಗೆ ಟೇಪು ಹಿಡಿದರೆ 23.5 ಇಂಚು ಬಂತು. ಅಮ್ಮನ ಕುರ್ಚಿಯ ಅಗಲ 25 ಇಂಚು. ಆ ಒಂದೂವರೆ ಇಂಚಿನಿಂದಾಗಿ ಐದು ತಿಂಗಳ ಕಾಲ ಅವರನ್ನು ದಿನಕ್ಕೆ ನಾಲ್ಕೈದು ಸಲ ಇಬ್ಬರು ಸೇರಿ ಎತ್ತಿಕೊಂಡು ಹೋಗಬೇಕಾಯಿತು. ನಮಗೆ ತೊಂದರೆ ಕೊಡಬಾರದೆಂದು ಅವರು ನೀರು ಕುಡಿಯುವುದನ್ನೇ ಕಡಿಮೆ ಮಾಡಿದ್ದರೆಂಬುದು ಮೂತ್ರದ ಸೋಂಕು ಬಂದ ಮೇಲೆ ತಿಳಿಯಿತು.

ಆ ಅನುಭವದಿಂದ ನಾನು ಕಲಿತದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಬಾಡಿಗೆ ಮನೆಯಲ್ಲಿ ಕೆಲವನ್ನು ಬದಲಿಸಿಕೊಳ್ಳಬಹುದು, ಕೆಲವನ್ನು ಎಷ್ಟು ಹಣ ಸುರಿದರೂ ಬದಲಿಸಲಾಗುವುದಿಲ್ಲ. ಬಚ್ಚಲುಮನೆಯ ಉದ್ದಗಲ, ಲಿಫ್ಟಿನ ಒಳ ಅಳತೆ, ಗೇಟಿಗೂ ಮುಂಬಾಗಿಲಿಗೂ ನಡುವೆ ಇರುವ ಜಾಗ, ಪ್ಯಾಸೇಜಿನ ತಿರುವು ಇವೆಲ್ಲ ಎರಡನೆಯ ಗುಂಪಿಗೆ ಸೇರಿದವು. ಹೊಸಿಲು, ಬಾಗಿಲಿನ ರೆಕ್ಕೆ, ಕಮೋಡಿನ ಎತ್ತರ, ಹಿಡಿದುಕೊಳ್ಳುವ ಕಂಬಿಗಳು ಮೊದಲನೆಯವು. ಬದಲಿಸಲಾಗದವನ್ನು ನೋಡಿ ಮನೆ ಆರಿಸಬೇಕು, ಹಣವನ್ನು ಬದಲಿಸಬಹುದಾದವಕ್ಕೆ ಹಾಕಬೇಕು. ಆ ಹಣದಲ್ಲೂ ಮೊದಲ ಪಾಲು ಬಚ್ಚಲುಮನೆಗೆ ಸಲ್ಲಬೇಕು.

ಅಳತೆಗಳ ವಿಷಯದಲ್ಲಿ, ಕೇಂದ್ರ ವಸತಿ ಮತ್ತು ನಗರ ವ್ಯವಹಾರಗಳ ಸಚಿವಾಲಯವು 2021ರಲ್ಲಿ ಪರಿಷ್ಕರಿಸಿದ ಸಾರ್ವತ್ರಿಕ ಸುಗಮ್ಯತೆಯ, ಎಂದರೆ ವಿಕಲಚೇತನರೂ ಸೇರಿ ಎಲ್ಲರೂ ಕಟ್ಟಡಗಳನ್ನು ಸುಲಭವಾಗಿ ಬಳಸುವಂತೆ ಮಾಡುವ, ಮಾರ್ಗಸೂಚಿಗಳು ಒಳ್ಳೆಯ ಆಧಾರ. ಬಾಗಿಲಿನಲ್ಲಿ 900 ಮಿ.ಮೀ., ಎಂದರೆ ಸುಮಾರು 3 ಅಡಿ, ತೆರವಾದ ಅಗಲ. ಕುರ್ಚಿ ಸುತ್ತ ತಿರುಗಲು 1500 ಮಿ.ಮೀ., ಎಂದರೆ ಸುಮಾರು 5 ಅಡಿ, ಜಾಗ. ರ‍್ಯಾಂಪಿಗೆ ಒಂದು ಅಡಿ ಎತ್ತರಕ್ಕೆ 12 ಅಡಿ ಉದ್ದ. ನಮ್ಮೂರುಗಳ ಸಾಧಾರಣ ಬಾಡಿಗೆ ಮನೆಯಲ್ಲಿ ಇವೆಲ್ಲ ಒಟ್ಟಿಗೆ ಸಿಗುವುದು ಅಪರೂಪವಾದ್ದರಿಂದ, ಕನಿಷ್ಠ ಪಕ್ಷ ಕುರ್ಚಿಯ ಅಗಲಕ್ಕಿಂತ ಎರಡು ಮೂರು ಇಂಚು ಹೆಚ್ಚಿರುವ ಬಾಗಿಲು, ತಿರುಗಲಾಗದಿದ್ದರೂ ಹಿಂದಕ್ಕೆ ನೇರವಾಗಿ ಬರಬಹುದಾದ ಜಾಗ, ಇವೆರಡು ಇದ್ದರೆ ಮನೆಯನ್ನು ಪರಿಗಣಿಸಬಹುದು.

ಯಾವ ಬಗೆಯ ಮನೆ?

ನಮ್ಮ ನಗರಗಳಲ್ಲಿ ಮೂರು ಬಗೆಯ ಮನೆಗಳ ನಡುವೆ ಆಯ್ಕೆ ಮಾಡಬೇಕಾಗುತ್ತದೆ: ಯಜಮಾನರು ಮೇಲಿದ್ದು ಕೆಳಗಿನ ಮನೆಯನ್ನು ಬಾಡಿಗೆಗೆ ಕೊಡುವ ಬಿಡಿ ಮನೆ, ನೆಲದಲ್ಲಿ ಪಾರ್ಕಿಂಗ್ ಬಿಟ್ಟು ಮೇಲೆ ಮೂರು ನಾಲ್ಕು ಮಹಡಿ ಎಬ್ಬಿಸಿದ ಸಣ್ಣ ಕಟ್ಟಡ, ಮತ್ತು ಸಂಘವಿರುವ ದೊಡ್ಡ ಅಪಾರ್ಟ್‌ಮೆಂಟ್.

ಬಿಡಿ ಮನೆಯ ದೊಡ್ಡ ಅನುಕೂಲವೆಂದರೆ ಒಬ್ಬರೇ ಒಬ್ಬರ ಒಪ್ಪಿಗೆ ಸಾಕು. ತೊಡಕು ಇರುವುದು ಮುಂಭಾಗದಲ್ಲಿ: ಮಳೆನೀರು ನುಗ್ಗಬಾರದೆಂದು ಮುಂಬಾಗಿಲಿಗೆ ಎರಡು ಮೂರು ಮೆಟ್ಟಿಲು ಇರುತ್ತವೆ, ಅದರ ಮುಂದೆ ಸಂಪ್ ಇರುತ್ತದೆ, ಅಲ್ಲಿಗೆ ಜಾಗ ಮುಗಿಯುತ್ತದೆ. ಆದರೆ ಇಂಥ ಮನೆಗಳಲ್ಲಿ ಪಕ್ಕದ ಓಣಿಯಿಂದ ಹಿತ್ತಲ ಬಾಗಿಲಿಗೆ ಹೋಗುವ ದಾರಿಯನ್ನೂ ಅಳೆದು ನೋಡಬೇಕು, ಏಕೆಂದರೆ ಅಲ್ಲಿ ಒಂದೇ ಮೆಟ್ಟಿಲು ಇರುವುದುಂಟು, ನೇರವಾಗಿ ಉದ್ದದ ರ‍್ಯಾಂಪ್ ಹಾಕಲು ಜಾಗವೂ ಸಿಗಬಹುದು. ಹಿತ್ತಲಿನಿಂದ ಮನೆಯೊಳಗೆ ಬರುವುದು ಅಮ್ಮನಿಗೆ ಒಪ್ಪಿಗೆಯಾಗಲಿಲ್ಲ ಎಂಬುದನ್ನೂ ಹೇಳಬೇಕು. ಬಂದವರೆಲ್ಲ ಮುಂಬಾಗಿಲಿನಿಂದ ಬರುವ ಮನೆಗೆ ತಾವು ಮಾತ್ರ ಪಾತ್ರೆ ತೊಳೆಯುವ ಜಾಗದಿಂದ ಏಕೆ ಬರಬೇಕೆಂದು ಅವರು ಕೇಳಿದಾಗ ನಮ್ಮಲ್ಲಿ ಉತ್ತರವಿರಲಿಲ್ಲ. ಆದ್ದರಿಂದ ಇದನ್ನು ನಿರ್ಧರಿಸುವ ಹಕ್ಕು ಕುರ್ಚಿಯಲ್ಲಿ ಕೂರುವವರಿಗೇ ಇರಲಿ.

ಪಾರ್ಕಿಂಗಿನ ಮೇಲೆ ಎದ್ದ ಸಣ್ಣ ಕಟ್ಟಡದಲ್ಲಿ 'ಲಿಫ್ಟ್ ಇದೆ' ಎಂಬ ಮಾತನ್ನು ಪರೀಕ್ಷಿಸದೆ ನಂಬಬಾರದು. ಲಿಫ್ಟಿನೊಳಗಿನ ಫಲಕವನ್ನು ಓದಿ. ಭಾರತೀಯ ಮಾನಕದ ಪ್ರಕಾರ 4 ಜನರ, 272 ಕೆ.ಜಿ. ಸಾಮರ್ಥ್ಯದ ಲಿಫ್ಟಿನ ಒಳ ಆಳ 700 ಮಿ.ಮೀ.; 6 ಜನರ, 408 ಕೆ.ಜಿ.ಯದ್ದಕ್ಕೆ 1000 ಮಿ.ಮೀ.; 8 ಜನರ, 544 ಕೆ.ಜಿ.ಯದ್ದಕ್ಕೆ 1100 ಮಿ.ಮೀ. ಕಾಲಿಡುವ ಹಲಗೆಯೂ ಸೇರಿ ಸಾಮಾನ್ಯ ಗಾಲಿಕುರ್ಚಿಯ ಉದ್ದವೇ ಸುಮಾರು 1050ರಿಂದ 1100 ಮಿ.ಮೀ. ಇರುವುದರಿಂದ ನಾಲ್ಕು ಜನರ ಲಿಫ್ಟಿನಲ್ಲಿ ಅದು ಹಿಡಿಸುವುದೇ ಇಲ್ಲ, ಆರು ಜನರದ್ದರಲ್ಲಿ ಕಾಲುಹಲಗೆ ಬಿಚ್ಚಿದರೆ ಮಾತ್ರ ಬಾಗಿಲು ಮುಚ್ಚುತ್ತದೆ, ಎಂಟು ಜನರದ್ದರಲ್ಲಿ ಹೇಗೋ ಹೊಂದುತ್ತದೆ. ಸಣ್ಣ ಲಿಫ್ಟುಗಳ ಬಾಗಿಲು 700 ಮಿ.ಮೀ. ಅಗಲವಷ್ಟೇ ಇರುತ್ತದೆಂಬುದನ್ನೂ, ಪಾರ್ಕಿಂಗಿನಿಂದ ಲಿಫ್ಟಿಗೆ ಹತ್ತಲು ಒಂದೆರಡು ಮೆಟ್ಟಿಲಿರುವುದನ್ನೂ, ಕರೆಂಟು ಹೋದಾಗ ಲಿಫ್ಟಿಗೆ ಜನರೇಟರ್ ಅಥವಾ ಬ್ಯಾಟರಿ ಇದೆಯೇ ಎಂಬುದನ್ನೂ ಅದೇ ಭೇಟಿಯಲ್ಲಿ ನೋಡಿಕೊಳ್ಳಬೇಕು.

ದೊಡ್ಡ ಅಪಾರ್ಟ್‌ಮೆಂಟುಗಳಲ್ಲಿ ರ‍್ಯಾಂಪು, ದೊಡ್ಡ ಲಿಫ್ಟು, ಜನರೇಟರು ಮೂರೂ ಇರುವ ಸಾಧ್ಯತೆ ಹೆಚ್ಚು. ಬಚ್ಚಲುಮನೆಯ ಬಾಗಿಲು ಮಾತ್ರ ಅಲ್ಲಿಯೂ ಬಿಡಿ ಮನೆಯಷ್ಟೇ ಕಿರಿದಾಗಿರುತ್ತದೆ. ಲಿಫ್ಟಿನ ಎದುರಿನ ಒಂದು ಮೆಟ್ಟಿಲನ್ನು ಸರಿಪಡಿಸಬೇಕಿದ್ದರೂ ಅದು ಎಲ್ಲರಿಗೂ ಸೇರಿದ ಜಾಗವಾದ್ದರಿಂದ ನಿಮ್ಮ ಯಜಮಾನರ ಮೂಲಕ ಸಂಘದ ಒಪ್ಪಿಗೆ ಪಡೆಯಬೇಕು.

ನನ್ನ ಅಭಿಪ್ರಾಯದಲ್ಲಿ, ಹಗಲಿನಲ್ಲಿ ಒಬ್ಬರೇ ಇರುವವರಿಗೆ ಮತ್ತು ಕೆಲಸಕ್ಕೆ ಹೋಗಿಬರುವವರಿಗೆ ದೊಡ್ಡ ಅಪಾರ್ಟ್‌ಮೆಂಟ್ ಉತ್ತಮ. ಬಾಡಿಗೆ ಹೆಚ್ಚು ಕೊಡಲಾಗದವರಿಗೆ, ಮಾತಿಗೆ ಸಿಗುವ ಯಜಮಾನರಿರುವ ಬಿಡಿ ಮನೆಯ ನೆಲಮಹಡಿ ಒಳ್ಳೆಯದು. ಆರು ಜನರ ಲಿಫ್ಟನ್ನು ನಂಬಿ ಮೂರನೆಯ ಮಹಡಿಯ ಮನೆ ಹಿಡಿಯುವುದನ್ನು ನಾನು ಯಾರಿಗೂ ಸಲಹೆ ಮಾಡಲಾರೆ. ಬೆಂಕಿ ಬಿದ್ದಾಗ ಲಿಫ್ಟನ್ನು ಬಳಸುವಂತಿಲ್ಲ ಎಂಬುದು ಅದಕ್ಕೆ ಇನ್ನೊಂದು ಕಾರಣ.

ಮೆಟ್ಟಿಲು ಮತ್ತು ಹೊಸಿಲು

ಆರು ಇಂಚಿನ ಒಂದು ಮೆಟ್ಟಿಲಿಗೆ 6 ಅಡಿ ರ‍್ಯಾಂಪ್ ಬೇಕು, ಅಂಥ ಮೂರು ಮೆಟ್ಟಿಲಿಗೆ 18 ಅಡಿ. ಅದರ ತುದಿಯಲ್ಲಿ, ಬಾಗಿಲು ತೆರೆಯುವಾಗ ಕುರ್ಚಿ ಹಿಂದಕ್ಕೆ ಜಾರದಂತೆ, 5 ಅಡಿಯಷ್ಟು ಸಮತಟ್ಟು ಜಾಗವಿರಬೇಕು. ಈ ಲೆಕ್ಕ ಹಾಕದೆ ಕಟ್ಟಿದ ಕಡಿದಾದ ರ‍್ಯಾಂಪುಗಳು ಸ್ಕೂಟರ್ ಹತ್ತಿಸಲು ಆದೀತೇ ಹೊರತು ಗಾಲಿಕುರ್ಚಿಗೆ ಆಗುವುದಿಲ್ಲ. ಜಾಗವಿಲ್ಲದೆ ಕಡಿದಾದ ರ‍್ಯಾಂಪನ್ನೇ ಬಳಸಬೇಕಾಗಿ ಬಂದರೆ, ಇಳಿಯುವಾಗ ಕುರ್ಚಿಯನ್ನು ಹಿಮ್ಮುಖವಾಗಿಸಿ, ಹಿಡಿದವರು ಕೆಳಗಡೆ ನಿಂತು ನಿಧಾನವಾಗಿ ಇಳಿಸಬೇಕು. ಮುಮ್ಮುಖವಾಗಿ ಇಳಿಸಿದರೆ ಕೂತವರು ಮುಗ್ಗರಿಸಿ ಬೀಳಬಹುದು.

ರ‍್ಯಾಂಪುಗಳಲ್ಲಿ ಮಡಚುವ ಅಲ್ಯುಮಿನಿಯಂ ರ‍್ಯಾಂಪು ಗೋಡೆ ನೆಲ ಯಾವುದನ್ನೂ ಕೆಡಿಸುವುದಿಲ್ಲ, ಕಾರಿಗೂ ಆಗುತ್ತದೆ, ಯಾರ ಒಪ್ಪಿಗೆಯೂ ಬೇಕಿಲ್ಲ. ಆದರೆ ಅದನ್ನು ಹಾಸಲು, ಮಡಚಲು ಇನ್ನೊಬ್ಬರು ಬೇಕು. ಕುರ್ಚಿಯಲ್ಲಿ ಕೂತವರು ಒಬ್ಬರೇ ಮನೆಯಲ್ಲಿದ್ದರೆ ಅದು ಮೂಲೆಯಲ್ಲಿ ಒರಗಿ ನಿಂತಿರುತ್ತದೆ, ಅವರು ಒಳಗೇ ಉಳಿಯುತ್ತಾರೆ. ಒಂದೆರಡು ಮೆಟ್ಟಿಲಿಗೆ, ಸದಾ ಜೊತೆಗೆ ಯಾರಾದರೂ ಇರುವ ಮನೆಗೆ ಮಾತ್ರ ಇದು ಸರಿ.

ಸಿಮೆಂಟಿನ ರ‍್ಯಾಂಪು ಗಟ್ಟಿ, ಸದ್ದಿಲ್ಲ, ಮಳೆಯಲ್ಲಿ ಜಾರದಂತೆ ಮೇಲ್ಮೈಯಲ್ಲಿ ಗೆರೆ ಎಳೆಸಬಹುದು. ಆದರೆ ಮನೆ ಬಿಡುವ ದಿನ ಅದು ಅಲ್ಲಿಯೇ ಉಳಿಯುತ್ತದೆ, ಇಲ್ಲವೇ ಒಡೆಸುವ ಖರ್ಚು ನಿಮ್ಮ ಮೇಲೆ ಬೀಳುತ್ತದೆ. ಸಂಪಿನ ಮುಚ್ಚಳದ ಮೇಲೆ ಹಾದರೆ ಟ್ಯಾಂಕರ್ ನೀರು ಹಾಕಿಸಲು ದಾರಿಯಿರುವುದಿಲ್ಲ, ಗೇಟಿನಾಚೆಗೆ ಚಾಚಿದರೆ ಪಾದಚಾರಿ ಮಾರ್ಗದ ಒತ್ತುವರಿಯಾಗುತ್ತದೆ. ಹಲವು ವರ್ಷಕ್ಕೆಂದು ಭೋಗ್ಯಕ್ಕೆ ಹಿಡಿದ ಮನೆಯಾದರೆ, ಅಥವಾ ಯಜಮಾನರೇ ಖರ್ಚಿನ ಪಾಲು ಕೊಡುವುದಾದರೆ ಮಾತ್ರ ಇದನ್ನು ಮಾಡಿಸಿ.

ನಾವು ಕೊನೆಗೆ ಮಾಡಿಸಿದ್ದು ಮೂರನೆಯ ಬಗೆಯದು. ಹತ್ತಿರದ ವೆಲ್ಡಿಂಗ್ ಅಂಗಡಿಯಲ್ಲಿ ಕಬ್ಬಿಣದ ಚೌಕಟ್ಟಿಗೆ ಚೆಕ್ಕರ್ ಪ್ಲೇಟ್ (ಉಬ್ಬುಗೆರೆಗಳಿರುವ ದಪ್ಪ ತಗಡು) ಕೂರಿಸಿ, ಎರಡು ತುಂಡುಗಳನ್ನು ಬೋಲ್ಟಿನಿಂದ ಜೋಡಿಸುವಂತೆ ಮಾಡಿಸಿ, ಕಾಲುಗಳ ಎತ್ತರವನ್ನು ಸ್ಕ್ರೂ ತಿರುಗಿಸಿ ಹೆಚ್ಚು ಕಡಿಮೆ ಮಾಡುವಂತೆ ಇಡಿಸಿದ್ದರಿಂದ, ಅದೇ ರ‍್ಯಾಂಪು ಎರಡನೆಯ ಮನೆಯಿಂದ ಮೂರನೆಯ ಮನೆಗೂ ಬಂತು. ಚಕ್ರ ಅಂಚಿನಿಂದ ಜಾರದಂತೆ ಎರಡೂ ಬದಿಗೆ ಎರಡು ಮೂರು ಇಂಚು ಎತ್ತರದ ಪಟ್ಟಿ ಇರಲೇಬೇಕು. ಚೆಕ್ಕರ್ ಪ್ಲೇಟು ಒದ್ದೆಯಾದರೆ ಜಾರುತ್ತದೆ. ಬಣ್ಣಕ್ಕೆ ಸಣ್ಣ ಮರಳು ಬೆರೆಸಿ ಬಳಿಸಿದ ಮೇಲೆ ಆ ಭಯ ಹೋಯಿತು. ಬಾಡಿಗೆ ಮನೆಗೆ ಮೂರರಲ್ಲಿ ನಾನು ಆರಿಸುವುದು ಇದನ್ನೇ.

ಹೊಸಿಲಿನ ವಿಷಯ ಬೇರೆ. ಎರಡನೆಯ ಮನೆಯ ಮುಂಬಾಗಿಲಿನ ಹೊಸಿಲು ಎರಡೂವರೆ ಇಂಚು ಎತ್ತರವಿತ್ತು, ಅದನ್ನು ತೆಗೆಸಬಹುದೇ ಎಂದು ನಾವು ಕೇಳಿದಾಗ ಯಜಮಾನರ ತಾಯಿ, "ಹೊಸಿಲು ಲಕ್ಷ್ಮಿ ಇರೋ ಜಾಗ ಕಣಮ್ಮ, ಅದನ್ನ ಮಾತ್ರ ಕಡಿಸಬೇಡಿ" ಎಂದರು. ಬಡಗಿ ಪಕ್ಕದಲ್ಲೇ ಇದ್ದ. "ಕಡಿಯೋದೇನೂ ಬೇಡ ಅಜ್ಜಿ, ಒಳಗೊಂದು ಹೊರಗೊಂದು ಹಲಗೆ ಇಳಿಜಾರಾಗಿ ಕೂರಿಸಿಕೊಡ್ತೀನಿ" ಎಂದು ಹೇಳಿ ಎರಡೂವರೆ ಅಡಿ ಉದ್ದದ ಎರಡು ಹಲಗೆಗಳನ್ನು, ಹೊಸಿಲಿಗೆ ಒಂದು ಮೊಳೆಯನ್ನೂ ಹೊಡೆಯದೆ, ಎರಡೂ ಬದಿಗೆ ಒತ್ತಿ ಕೂರಿಸಿದ. ಅಜ್ಜಿ ಪ್ರತಿದಿನ ಬೆಳಿಗ್ಗೆ ಅರಿಸಿನ ಕುಂಕುಮ ಇಡುತ್ತಿದ್ದ ಹೊಸಿಲ ಮೇಲ್ಭಾಗ ಹಾಗೆಯೇ ಉಳಿಯಿತು, ಅಮ್ಮನ ಕುರ್ಚಿಯೂ ಸಲೀಸಾಗಿ ದಾಟಿತು. ಹೊಸಿಲನ್ನು ತೆಗೆಯುವುದು, ಹಲಗೆ ಕೂರಿಸುವುದು ಎಂಬ ಎರಡರಲ್ಲಿ ಎರಡನೆಯದೇ ಎಲ್ಲ ರೀತಿಯಿಂದಲೂ ಮೇಲು.

ಬಾಗಿಲು

ಬಡಗಿಗಳು 'ಎರಡೂವರೆ ಅಡಿ ಬಾಗಿಲು' ಎನ್ನುವುದು ಚೌಕಟ್ಟಿನ ಹೊರ ಅಳತೆ. ಅದರ 30 ಇಂಚಿನಲ್ಲಿ ಎರಡು ಬದಿಯ ಚೌಕಟ್ಟು ಸುಮಾರು 5 ಇಂಚು ತಿನ್ನುತ್ತದೆ, ತೆರೆದ ರೆಕ್ಕೆಯ ದಪ್ಪ ಇನ್ನೂ ಒಂದೂವರೆ ಇಂಚು. ನಮ್ಮ ಮೊದಲ ಮನೆಯ 23.5 ಇಂಚು ಬಂದದ್ದು ಹೀಗೆ. ಆದ್ದರಿಂದ ಬಾಗಿಲನ್ನು ಪೂರ್ತಿ ತೆರೆದು, ರೆಕ್ಕೆಯ ಮುಖದಿಂದ ಎದುರಿನ ಚೌಕಟ್ಟಿನವರೆಗೆ ಅಳೆಯಬೇಕು.

ಒಂದೆರಡು ಇಂಚು ಸಾಲದಿದ್ದರೆ ಮೊದಲು ಕುರ್ಚಿಯ ಕಡೆ ನೋಡಿ. ಅಂಗಡಿಯಲ್ಲಿ ಸಿಗುವ ಸಾಮಾನ್ಯ ಮಡಚುವ ಕುರ್ಚಿ ಎಲ್ಲರಿಗೂ ಒಂದೇ ಅಳತೆಯದು. ತೆಳುವಾದ ಮೈಯವರಿಗೆ 18 ಇಂಚಿನ ಆಸನದ ಬದಲು 16 ಇಂಚಿನದು ಸರಿಹೊಂದಿದರೆ ಬಾಗಿಲಲ್ಲಿ ಎರಡು ಇಂಚು ಉಳಿಯುತ್ತದೆ, ಬೆನ್ನಿಗೂ ಹಿತ. ಬೆಂಗಳೂರಿನ ಮೊಬಿಲಿಟಿ ಇಂಡಿಯಾ, ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿಯಂಥ ಸಂಸ್ಥೆಗಳು ವಿಕಲಚೇತನರಿಗಾಗಿ ದಶಕಗಳಿಂದ ಕೆಲಸ ಮಾಡುತ್ತಿವೆ. ಮೈಗೆ ತಕ್ಕ ಕುರ್ಚಿ ಯಾವುದೆಂದು ತಿಳಿದವರನ್ನು ಕೇಳದೆ ಬಾಗಿಲಿಗೆ ಕೈಹಾಕಬೇಡಿ.

ನಂತರದ ಆಯ್ಕೆ ರೆಕ್ಕೆಯನ್ನು ದಾರಿಯಿಂದ ಪೂರ್ತಿ ಹೊರಕ್ಕೆ ಸರಿಸುವ ಬಾಗಿದ ಹಿಂಜಸ್. ಬಡಗಿಯ ಕೆಲವು ಗಂಟೆಗಳ ಕೆಲಸದಲ್ಲಿ ರೆಕ್ಕೆಯ ದಪ್ಪದಷ್ಟು ಅಗಲ ಸಿಗುತ್ತದೆ, ಹಳೆಯ ಹಿಂಜಸನ್ನು ಎತ್ತಿಟ್ಟುಕೊಂಡರೆ ಹೋಗುವಾಗ ಮತ್ತೆ ಕೂರಿಸಬಹುದು. ರೆಕ್ಕೆಯನ್ನೇ ಕಳಚಿ ಪರದೆ ಹಾಕಿದರೂ ಅಷ್ಟೇ ಅಗಲ ಸಿಗುತ್ತದೆ, ಆದರೆ ಮಲಗುವ ಕೋಣೆಗೆ ಅದು ನಡೆದೀತು, ಬಚ್ಚಲುಮನೆಗೆ ಬೇಡ. ಗೋಡೆಯ ಹೊರಮೈಯಲ್ಲಿ ಹಳಿ ಕೂರಿಸಿ ಜಾರುವ ಬಾಗಿಲು ಮಾಡಿಸುವುದು ಇವೆರಡಕ್ಕಿಂತ ಒಳ್ಳೆಯದು, ಪಕ್ಕದಲ್ಲಿ ಖಾಲಿ ಗೋಡೆ ಇರಬೇಕಷ್ಟೆ. ಚೌಕಟ್ಟು ಕಿತ್ತು ಗೋಡೆ ಒಡೆದು ಬಾಗಿಲು ಅಗಲಿಸುವುದು ಯಜಮಾನರು ಮಾಡಿಸಬೇಕಾದ ಕೆಲಸ. ಬಾಡಿಗೆದಾರರು ಅದಕ್ಕೆ ತಮ್ಮ ಹಣ ಹಾಕುವ ಬದಲು ಬೇರೆ ಮನೆ ನೋಡುವುದೇ ಸರಿ.

ಬಚ್ಚಲುಮನೆ

ಇಲ್ಲಿ ನಾಲ್ಕು ದಾರಿಗಳಿವೆ, ಅವುಗಳ ನಡುವಿನ ವ್ಯತ್ಯಾಸ ಹಣಕ್ಕಿಂತ ಹೆಚ್ಚಾಗಿ ಮರ್ಯಾದೆಗೆ ಸಂಬಂಧಿಸಿದ್ದು.

ಮಂಚದ ಪಕ್ಕದಲ್ಲಿ ಬಕೆಟ್ ಇರುವ ಕಮೋಡ್ ಚೇರ್ ಇಡುವುದು ಎಲ್ಲಕ್ಕಿಂತ ಸುಲಭ. ಆಸ್ಪತ್ರೆಯಿಂದ ಬಂದ ಮೊದಲ ವಾರಗಳಿಗೆ, ರಾತ್ರಿ ಹೊತ್ತಿಗೆ ಅದು ಬೇಕಾಗಬಹುದು. ಆದರೆ ಮಲಗುವ, ಊಟ ಮಾಡುವ, ಬಂದವರನ್ನು ಮಾತಾಡಿಸುವ ಕೋಣೆಯಲ್ಲೇ ಶೌಚಕ್ಕೆ ಕೂರಬೇಕಾಗುವುದನ್ನು ಕಾಯಂ ವ್ಯವಸ್ಥೆಯೆಂದು ಯಾರೂ ಒಪ್ಪಿಕೊಳ್ಳಬಾರದೆಂಬುದು ನನ್ನ ಬಲವಾದ ನಂಬಿಕೆ.

ಎರಡನೆಯದು ಸ್ನಾನ ಮತ್ತು ಶೌಚ ಎರಡಕ್ಕೂ ಆಗುವ, ಆಸನದಲ್ಲಿ ತೆರಪಿರುವ ಚಕ್ರದ ಕುರ್ಚಿ. ಇದನ್ನು ಕಮೋಡಿನ ಮೇಲಕ್ಕೇ ಹಿಂದಕ್ಕೆ ತಳ್ಳಿ ನಿಲ್ಲಿಸಬಹುದು, ಅದರಲ್ಲೇ ಕೂತು ಸ್ನಾನ ಮಾಡಬಹುದು. ಮಂಚದಿಂದ ಒಮ್ಮೆ ಇದಕ್ಕೆ ಬಂದರೆ ಒಳಗೆ ಮತ್ತೆ ಏರಿಳಿಯಬೇಕಿಲ್ಲ. ಸಾಮಾನ್ಯ ಗಾಲಿಕುರ್ಚಿಗಿಂತ ಕಿರಿದಾದವು ಸಿಗುತ್ತವೆ. ಐದು ತಿಂಗಳ ನಂತರ ನಮ್ಮ ಮೊದಲ ಮನೆಯ ಬಾಗಿಲಿನ ಸಮಸ್ಯೆಯನ್ನು ಬಗೆಹರಿಸಿದ್ದು 21 ಇಂಚು ಅಗಲದ ಇಂಥ ಕುರ್ಚಿ. ಇಂಡಿಯನ್ ಕಮೋಡ್ ಇರುವ ಮನೆಯಲ್ಲಿಯೂ ಗುಂಡಿಯ ಮೇಲೆ ಸರಿಯಾಗಿ ನಿಲ್ಲಿಸಿ ಬ್ರೇಕ್ ಹಾಕಿದರೆ ಇದು ನಡೆಯುತ್ತದೆ. ಕೊಳ್ಳುವ ಮೊದಲು ಕಮೋಡಿನ ಎತ್ತರಕ್ಕಿಂತ ಆಸನದ ಅಡಿಯ ಎತ್ತರ ಹೆಚ್ಚಿದೆಯೇ ಎಂದು ಅಳೆಯಿರಿ. ತಾವೇ ತಳ್ಳಿಕೊಳ್ಳಬಲ್ಲವರು ಹಿಂದೆ ದೊಡ್ಡ ಚಕ್ರವಿರುವುದನ್ನೇ ತೆಗೆದುಕೊಳ್ಳಬೇಕು. ನಾಲ್ಕೂ ಸಣ್ಣ ಚಕ್ರದ್ದು ಅಗ್ಗವೆಂದು ಕೊಂಡರೆ ಪ್ರತಿ ಸಲವೂ ಇನ್ನೊಬ್ಬರನ್ನು ಕರೆಯಬೇಕಾಗುತ್ತದೆ.

ಮೂರನೆಯದು ಗಾಲಿಕುರ್ಚಿಯಿಂದ ಕಮೋಡಿಗೆ ತಾವೇ ಸರಿದು ಕೂರುವುದು. ತೋಳಿನಲ್ಲಿ ಬಲವಿರುವವರಿಗೆ ಇದೇ ಅತಿ ಹೆಚ್ಚಿನ ಸ್ವಾತಂತ್ರ್ಯ ಕೊಡುತ್ತದೆ. ಇದಕ್ಕೆ ಕಮೋಡಿನ ಒಂದು ಪಕ್ಕದಲ್ಲಿ ಕುರ್ಚಿ ನಿಲ್ಲುವಷ್ಟು ಖಾಲಿ ಜಾಗ ಇರಬೇಕು, ಕಮೋಡಿನ ಎತ್ತರ 450ರಿಂದ 480 ಮಿ.ಮೀ. ಇರಬೇಕು. ನಮ್ಮ ಮನೆಗಳ ಕಮೋಡು ಸಾಮಾನ್ಯವಾಗಿ ಇದಕ್ಕಿಂತ ತಗ್ಗು. ಮೇಲೆ ಕೂರಿಸುವ ಎತ್ತರದ ಸೀಟು ಸಿಗುತ್ತದೆ, ಅದನ್ನು ಅಡಿಯಲ್ಲಿ ಬಿಗಿಯುವಂಥದ್ದನ್ನೇ ಕೊಳ್ಳಿ. ಕೈ ಹಿಡಿಯುವ ಕಂಬಿ ಸೀಟಿಗಿಂತ ಸುಮಾರು 200 ಮಿ.ಮೀ. ಮೇಲೆ ಇರಬೇಕು.

ಕಂಬಿಗಳ ವಿಷಯದಲ್ಲಿ ಒಂದು ಎಚ್ಚರಿಕೆ. ಗೋಡೆಗೆ ಒತ್ತಿದರೆ ಅಂಟಿಕೊಳ್ಳುವ ರಬ್ಬರ್ ಬಟ್ಟಲಿನ ಕಂಬಿಗಳು ಬಾಡಿಗೆ ಮನೆಗೆ ತಕ್ಕವು ಎಂಬಂತೆ ಕಾಣುತ್ತವೆ, ತೂತು ಕೊರೆಯಬೇಕಿಲ್ಲ. ಅವು ಮೈಭಾರ ಹೊರಲು ಆದವಲ್ಲ. ಸಾಬೂನು ನೀರು ತಾಗಿದರೆ, ಟೈಲ್ಸಿನ ಸಂದಿನ ಮೇಲೆ ಕೂತರೆ ಅವು ಹೇಳದೆ ಕೇಳದೆ ಕಳಚಿಕೊಳ್ಳುತ್ತವೆ. ಇಟ್ಟಿಗೆ ಅಥವಾ ಗಟ್ಟಿ ಕಾಂಕ್ರೀಟ್ ಬ್ಲಾಕಿನ ಗೋಡೆಯಾದರೆ ಆಂಕರ್ ಬೋಲ್ಟ್ (ತೂತಿನೊಳಗೆ ಹಿಗ್ಗಿ ಬಿಗಿಯಾಗುವ ಬೋಲ್ಟ್) ಹಾಕಿ ಸ್ಟೀಲ್ ಕಂಬಿ ಕೂರಿಸಿ. ಬಿಡುವಾಗ ತೂತು ಮುಚ್ಚಿಸಲು ಅಥವಾ ಎರಡು ಟೈಲ್ಸ್ ಬದಲಿಸಲು ಆಗುವ ಖರ್ಚು ಒಂದು ಸಲ ಬಿದ್ದರೆ ಆಗುವ ಖರ್ಚಿನ ಮುಂದೆ ಏನೂ ಅಲ್ಲ. ಟೊಳ್ಳು ಬ್ಲಾಕಿನ ಅಥವಾ ಹಗುರ ಬ್ಲಾಕಿನ ಗೋಡೆಯಲ್ಲಿ ಸಾಧಾರಣ ಬೋಲ್ಟ್ ಹಿಡಿಯುವುದಿಲ್ಲ. ಅಂಥ ಕಡೆ, ಅಥವಾ ಕೊರೆಯಲು ಯಜಮಾನರು ಒಪ್ಪದ ಕಡೆ, ಕಮೋಡಿಗೇ ಬಿಗಿದು ಎರಡೂ ಬದಿ ನೆಲಕ್ಕೆ ಊರಿ ನಿಲ್ಲುವ ಕಬ್ಬಿಣದ ಚೌಕಟ್ಟು ಬಳಸಿ.

ನಾಲ್ಕನೆಯ ದಾರಿ ಎಲ್ಲವನ್ನೂ ಒಡೆದು ಕಟ್ಟುವುದು. ಹಳೆಯ ಬಾಡಿಗೆದಾರರು ಬಿಟ್ಟು ಹೊಸಬರು ಬರುವ ನಡುವೆ ಸುಣ್ಣ ಬಣ್ಣ ಮಾಡಿಸುವ ಯಜಮಾನರು ಆಗಲೇ ಬಚ್ಚಲ ಬಾಗಿಲಿಗೆ 3 ಅಡಿಯ ಚೌಕಟ್ಟು ಕೂರಿಸಿ, ಒಳಗಿನ ನೆಲದ ತಗ್ಗನ್ನು ನೀರು ಹೊರಬರದಷ್ಟು ಇಳಿಜಾರಿಗೆ ಇಳಿಸಿ, ಒರಟು ಟೈಲ್ಸ್ ಹಾಕಿಸಿದರೆ, ಆ ಮನೆ ಗಾಲಿಕುರ್ಚಿಯವರಿಗಷ್ಟೇ ಅಲ್ಲದೆ ಮಂಡಿನೋವಿನ ಹಿರಿಯರಿಗೂ ಆಗುತ್ತದೆ.

ಯಾವ ದಾರಿ ಹಿಡಿದರೂ ಬಾಗಿಲು ಒಳಕ್ಕೆ ತೆರೆಯುತ್ತಿದ್ದರೆ ಹೊರಕ್ಕೆ ತಿರುಗಿಸಿ ಹಾಕಿಸಬೇಕು, ಏಕೆಂದರೆ ಒಳಗೆ ಬಿದ್ದವರ ಮೈಯೇ ಬಾಗಿಲಿಗೆ ಅಡ್ಡವಾದರೆ ಸಹಾಯಕ್ಕೆ ಹೋದವರು ಒಳಗೆ ಹೋಗಲಾಗುವುದಿಲ್ಲ. ಬೆನ್ನುಹುರಿಗೆ ಪೆಟ್ಟಾದವರಿಗೆ ಕಾಲಿನಲ್ಲಿ ಬಿಸಿ ತಿಳಿಯದಿರಬಹುದು. ಗೀಸರಿನ ನೀರನ್ನು ಮೊದಲು ಕೈಗೆ ಬಿಟ್ಟುಕೊಂಡು ನೋಡದೆ ಕಾಲಿಗೆ ಹಾಕಿಕೊಳ್ಳಬಾರದು.

ಅಡುಗೆಮನೆಯ ಗ್ರಾನೈಟ್ ಕಟ್ಟೆಯನ್ನು ಇಳಿಸಲು ಹೋಗುವುದು ವ್ಯರ್ಥ. ಮೊಣಕಾಲು ಅಡಿಗೆ ತೂರುವಂಥ ಗಟ್ಟಿ ಮೇಜಿನ ಮೇಲೆ ಇಂಡಕ್ಷನ್ ಒಲೆ ಇಟ್ಟರೆ ಸಾಕು, ಅದು ನಿಮ್ಮ ಜೊತೆಗೇ ಬರುತ್ತದೆ.

ಕರಾರು

2016ರ ವಿಕಲಚೇತನರ ಹಕ್ಕುಗಳ ಅಧಿನಿಯಮವು 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ. ಸುಗಮ್ಯತೆಯ ನಿಯಮಗಳು ಕಡ್ಡಾಯವಾಗಿರಬೇಕೇ ಹೊರತು ಬರೀ ಸಲಹೆಯಾಗಿರಬಾರದೆಂದು ಸುಪ್ರೀಂ ಕೋರ್ಟ್ 2024ರ ನವೆಂಬರ್ 8ರಂದು ಹೇಳಿದೆ. ಆದರೆ ಆ ಅಧಿನಿಯಮದ ಕಟ್ಟಡಗಳ ಕುರಿತ ಪ್ರಕರಣಗಳು (ಸೆಕ್ಷನ್ನುಗಳು) ಮುಖ್ಯವಾಗಿ ಸಂಸ್ಥೆಗಳು ಕಟ್ಟುವ ಹಾಗೂ ಸಾರ್ವಜನಿಕರು ಬಳಸುವ ಕಟ್ಟಡಗಳನ್ನು ಕುರಿತವು. ಒಬ್ಬರ ಸ್ವಂತ ಮನೆಯ ಬಚ್ಚಲನ್ನು ಬದಲಿಸುವಾಗ ಕೈಯಲ್ಲಿರಬೇಕಾದದ್ದು ಯಜಮಾನರ ಲಿಖಿತ ಒಪ್ಪಿಗೆ. ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ, 1882ರ ಸ್ವತ್ತು ವರ್ಗಾವಣೆ ಅಧಿನಿಯಮದ 108ನೆಯ ಪ್ರಕರಣದ ಪ್ರಕಾರ ಮಾಲೀಕರ ಒಪ್ಪಿಗೆಯಿಲ್ಲದೆ ಕಾಯಂ ರಚನೆ ಕಟ್ಟುವಂತಿಲ್ಲ. ತಾವು ಜೋಡಿಸಿದ್ದನ್ನು ಮನೆ ತಮ್ಮ ವಶದಲ್ಲಿರುವವರೆಗೆ ತೆಗೆದುಕೊಂಡು ಹೋಗಬಹುದು, ಮನೆಯನ್ನು ಮೊದಲಿದ್ದಂತೆ ಒಪ್ಪಿಸಬೇಕು.

ಹನ್ನೊಂದು ತಿಂಗಳ ಕರಾರಿನಲ್ಲಿ ನಾವು ಸೇರಿಸಿಕೊಂಡ ಸಾಲು ಹೀಗಿತ್ತು: "ಬಾಡಿಗೆದಾರರು ತಮ್ಮ ಖರ್ಚಿನಲ್ಲಿ ಬಚ್ಚಲುಮನೆಯ ಗೋಡೆಗೆ ಮೂರು ಕಂಬಿ, ಹೊರಕ್ಕೆ ತೆರೆಯುವ ಬಾಗಿಲು ಹಾಗೂ ಮುಂಬಾಗಿಲಿಗೆ ಬಿಚ್ಚಬಹುದಾದ ಕಬ್ಬಿಣದ ರ‍್ಯಾಂಪ್ ಅಳವಡಿಸಿಕೊಳ್ಳಲು ಮಾಲೀಕರು ಒಪ್ಪಿರುತ್ತಾರೆ. ಮನೆ ಬಿಡುವಾಗ ಬಾಡಿಗೆದಾರರು ಇವುಗಳನ್ನು ತೆಗೆದು ತೂತುಗಳನ್ನು ಮುಚ್ಚಿಸಿಕೊಡತಕ್ಕದ್ದು. ಮಾಲೀಕರು ಉಳಿಸಿಕೊಳ್ಳಲು ಬಯಸಿದಲ್ಲಿ ದುರಸ್ತಿಯ ಹಣವನ್ನು ಮುಂಗಡದಿಂದ ಕಳೆಯತಕ್ಕದ್ದಲ್ಲ." ವಸ್ತುಗಳನ್ನು ಹೀಗೆ ಒಂದೊಂದಾಗಿ ಹೆಸರಿಸಬೇಕು. ಬರೀ 'ಅಗತ್ಯ ಬದಲಾವಣೆಗಳು' ಎಂದು ಬರೆದರೆ ಮುಂಗಡ ವಾಪಸು ಕೊಡುವ ದಿನ ಆ ಮಾತಿನ ಅರ್ಥ ಇಬ್ಬರಿಗೂ ಬೇರೆಯಾಗುತ್ತದೆ. ಕೆಲಸ ಶುರುವಾಗುವ ಮೊದಲು ಗೋಡೆ, ಬಾಗಿಲು, ಟೈಲ್ಸಿನ ಫೋಟೋ ತೆಗೆದು ಯಜಮಾನರಿಗೂ ಕಳಿಸಿ, ಕಳಚಿದ ಹಳೆಯ ಹಿಂಜಸ್, ಚಿಲಕಗಳನ್ನು ಒಂದು ಡಬ್ಬಿಯಲ್ಲಿ ಹಾಕಿ ಅಟ್ಟದಲ್ಲಿಡಿ. ಕೀ ಒಪ್ಪಿಸುವ ಮೊದಲೇ ಎಲ್ಲವನ್ನೂ ಬಿಚ್ಚಿಕೊಳ್ಳಿ. ಕೀ ಕೊಟ್ಟ ಮೇಲೆ ಅವನ್ನು ಕೇಳುವ ಹಕ್ಕು ಉಳಿಯುವುದಿಲ್ಲ.